ಉತ್ತರಾಣಿ ಹುಡುಕಿದ ಶುಕ್ರವಾರ

ನನ್ನ ಅತ್ತೆಯವರಿಗೆ ಪೇಟೆಯ ಉತ್ತರಾಣಿ ಆಗಿಬರುವುದಿಲ್ಲ. ಶ್ರಾವಣ ಬಂತೆಂದರೆ ಕಲ್ಯಾಣದ ಮಾರ್ಕೆಟ್ಟಿನಲ್ಲೂ ನಮ್ಮ ಡೊಂಬಿವಲಿ ಸ್ಟೇಷನ್ನಿನ ಹೊರಗೂ ಹೆಂಗಸರು ಗೋಣಿತಟ್ಟು ಹಾಸಿಕೊಂಡು ಕೂತು ಗರಿಕೆ, ಬಿಲ್ವಪತ್ರೆ, ಉತ್ತರಾಣಿ ಎಲ್ಲವನ್ನೂ ಕಟ್ಟು ಕಟ್ಟಿ ಮಾರುತ್ತಾರೆ. ಮರಾಠಿಯವರಿಗೆ ಅದು ಆಘಾಡಾ. ರೈಲು ಇಳಿದು ಬರುವಾಗ ಒಂದು ಕಟ್ಟು ಚೀಲಕ್ಕೆ ಹಾಕಿಕೊಂಡರೆ ಕೆಲಸ ಮುಗಿಯಿತು. ಆದರೆ ಅತ್ತೆ ಒಪ್ಪಬೇಕಲ್ಲ! "ಅದು ಯಾ ಊರ ಬೇಲೀದೋ ಏನೋ. ನಮ್ಮ ಕೂಸಿನ ಗುರತು ಅದಕ್ಕ ಹೆಂಗ ಇರಬೇಕು?" ಎನ್ನುತ್ತಾರೆ.

ಅವರು ಧಾರವಾಡದ ಕಡೆಯವರು. ಶ್ರಾವಣದ ಶುಕ್ರವಾರ ಅವರಲ್ಲಿ ಜೀವತಿ ಪೂಜೆ. ತೊಡೆಯ ಮೇಲೂ ಸುತ್ತಲೂ ಮಕ್ಕಳನ್ನು ಕೂರಿಸಿಕೊಂಡ ಜೀವತಿಯ ಚಿತ್ರವನ್ನು ಗೋಡೆಗೆ ಅಂಟಿಸಿ, ಉತ್ತರಾಣಿ ಮತ್ತು ಗರಿಕೆ ಸೇರಿಸಿ ಕಟ್ಟಿದ ಮಾಲೆ ಹಾಕಿ, ಹುರಿಗಡಲೆ ಸಕ್ಕರೆ ನೈವೇದ್ಯ ಇಟ್ಟು, ತಾಯಿ ತನ್ನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾಳೆ. ಮಕ್ಕಳು ದೂರದಲ್ಲಿದ್ದರೆ ಅವರಿರುವ ದಿಕ್ಕಿಗೆ ಅಕ್ಷತೆ ಹಾಕುತ್ತಾಳೆ. ಬೇಡುವುದು ಒಂದೇ, ಮಕ್ಕಳು ಬದುಕಿ ಬಾಳಲಿ ಎಂದು. ಇಷ್ಟು ಎಲ್ಲರ ಮನೆಯದು. ನಮ್ಮ ಅತ್ತೆಯ ತವರಿನದು ಇದರ ಮೇಲೆ ಇನ್ನೊಂದು: ಉತ್ತರಾಣಿ ಮಗು ಇರುವ ಜಾಗದ ಬೇಲಿಯದೇ ಆಗಬೇಕು, ತಾಯಿಯೇ ಕೈಯಾರೆ ಕೀಳಬೇಕು. ಮಗು ಆಡುವಾಗ ಅದರ ಅಂಗಿ ಹಿಡಿದು ಜಗ್ಗುವ ಗಿಡ ಅದು, ಹಾಗಾಗಿ ಅದಕ್ಕೆ ಮಗುವಿನ ಪರಿಚಯ ಇರುತ್ತದೆ ಎಂದು ಅವರ ಲೆಕ್ಕ. ನನ್ನ ಗಂಡ ಚಿಕ್ಕವರಿದ್ದಾಗ ಅತ್ತೆ ನಮ್ಮ ಬಿಲ್ಡಿಂಗಿನ ಹಿಂದಿನ ಬೇಲಿಯಿಂದ ಕಿತ್ತು ತರುತ್ತಿದ್ದರಂತೆ. ಮಗಳು ಹುಟ್ಟಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಉತ್ತರಾಣಿಯನ್ನು ನೀವು ನೋಡಿಲ್ಲ ಎಂದರೂ ನಿಮ್ಮ ಬಟ್ಟೆ ನೋಡಿರುತ್ತದೆ. ಬೇಲಿ ಬದಿಯಲ್ಲಿ, ರೈಲ್ವೆ ಗೋಡೆಯ ಬುಡದಲ್ಲಿ, ನಿಂತಲ್ಲೇ ಕೊಳೆಯುತ್ತಿರುವ ರಿಕ್ಷಾದ ಮಗ್ಗುಲಲ್ಲಿ, ಎಲ್ಲೆಂದರಲ್ಲಿ ಬೆಳೆಯುವ ಗಿಡ. ಮೊಣಕಾಲೆತ್ತರಕ್ಕೆ ಬಂದ ಮೇಲೆ ಇಲಿಯ ಬಾಲದ ಹಾಗೆ ಉದ್ದನೆಯ ಕಡ್ಡಿ ಬಿಡುತ್ತದೆ. ಅದರ ತುಂಬ ಚೂಪು ಚೂಪಾದ ಬೀಜ, ಎಲ್ಲದರ ಮೂತಿಯೂ ನೆಲದ ಕಡೆ. ಮೇಲಿನಿಂದ ಕೆಳಕ್ಕೆ ಸವರಿದರೆ ಸಾಧು ಪ್ರಾಣಿ. ಕೆಳಗಿನಿಂದ ಮೇಲಕ್ಕೆ ಕೈಯೆಳೆದರೆ ಚುಚ್ಚುತ್ತದೆ. ಹಾದುಹೋದವರ ಸೀರೆಯ ಅಂಚು, ಪ್ಯಾಂಟಿನ ಕಾಲು ಏನು ಸಿಕ್ಕಿದರೂ ಹತ್ತಿಕೊಳ್ಳುತ್ತದೆ. ಉಡುಪಿಯ ಕಡೆಯ ನನ್ನ ತವರಿನಲ್ಲಿ ನಮಗೆ ಅದರ ಪರಿಚಯ ಅಷ್ಟೇ ಇತ್ತು: ಶಾಲೆಯಿಂದ ಬಂದು ಲಂಗಕ್ಕೆ ಅಂಟಿದ್ದನ್ನು ಒಂದೊಂದಾಗಿ ಬಿಡಿಸುತ್ತ, ಹಾಳಾದ್ದು ಎಂದು ಬೈಯುವುದು. ಕಡ್ಡಿ ಬಿಡುವ ಮೊದಲು ಎಳೆಯ ಗಿಡ ಹೇಗಿರುತ್ತದೆ ಎಂದು ಯಾರು ನೋಡಿದ್ದರು?

ಅದಕ್ಕೇ ಮದುವೆಯಾಗಿ ಬಂದ ಮೊದಲ ಶ್ರಾವಣದಲ್ಲಿ ನನ್ನ ಮಾನ ಹೋಯಿತು. ಅಡುಗೆಮನೆಯಲ್ಲಿ ತಟ್ಟೆಯ ತುಂಬ ಎಳೆ ಸೊಪ್ಪು ಇತ್ತು, ಮೇಲೆ ನೀರು ಚಿಮುಕಿಸಿತ್ತು. ನಮ್ಮ ಕರಾವಳಿಯವರ ಕಣ್ಣು ಹೇಗೆಂದರೆ, ಹಸಿರಾದದ್ದು ಕಂಡಿತೋ, ಅದು ಹರಿವೆ ಸೊಪ್ಪು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಹೊಸ ಸೊಸೆ, ಒಳ್ಳೆಯ ಹೆಸರು ತೆಗೆದುಕೊಳ್ಳುವ ಆಸೆ ಬೇರೆ. ಸರಸರ ಹೆಚ್ಚಿ, ಸಾಸಿವೆ ಒಗ್ಗರಣೆ ಕೊಟ್ಟು, ಕೈ ತುಂಬ ತೆಂಗಿನಕಾಯಿ ತುರಿ ಹಾಕಿ ಪಲ್ಯ ಮಾಡಿಟ್ಟೆ. ಅತ್ತೆ ಮಡಿಯುಟ್ಟು ಬಂದು ಖಾಲಿ ತಟ್ಟೆ ನೋಡಿದರು, ಬಾಣಲೆ ನೋಡಿದರು, ನನ್ನ ಮುಖ ನೋಡಿದರು.

"ಜೀವತಿ ಮಾಲಿಗೆ ಒಗ್ಗರಣಿ ಹಾಕಿದಿ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆ ಮಾತ್ರ ಬಾಣಲೆಯಿಂದ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡು, "ಛಲೋ ಆಗೇದ. ಎಳೀದಿದ್ದಾಗ ನಮ್ಮ ಕಡೆನೂ ಪಲ್ಯ ಮಾಡತಾರ ತಗೋ," ಎಂದು ಮತ್ತೆ ಸೆರಗು ಸಿಕ್ಕಿಸಿಕೊಂಡು ನನ್ನನ್ನೂ ಎಳೆದುಕೊಂಡು ಕೆಳಗಿಳಿದರು. ಜಿನುಗು ಮಳೆಯಲ್ಲಿ ಬೇಲಿಯ ಮುಂದೆ ನಿಂತು ನನಗೆ ಪಾಠ ಆಯಿತು. ಹರಿವೆಯ ಎಲೆ ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ಉತ್ತರಾಣಿಯದು ಹಾಗಲ್ಲ, ಎರಡೆರಡೇ ಎದುರುಬದುರು. ಎಲೆ ಹುಟ್ಟುವ ಕಡೆ ಕಾಂಡ ಬೆರಳಿನ ಗೆಣ್ಣಿನಂತೆ ಊದಿರುತ್ತದೆ. ಎಲೆ ಮುಟ್ಟಿದರೆ ಎಳೆಗೂಸಿನ ಬೆನ್ನಿನ ಮೇಲಿನಂಥ ನವಿರು ಕೂದಲು ಕೈಗೆ ಹತ್ತುತ್ತದೆ. "ಜೋಡಿ ನೋಡು, ಗೆಣ್ಣು ನೋಡು, ಮುಟ್ಟಿ ನೋಡು. ಆಮ್ಯಾಲೆ ಕೀಳು," ಎಂದರು. ಗಣಪತಿಯ ಪತ್ರೆಗೂ ಇದೇ, ಋಷಿಪಂಚಮಿಯ ದಿನ ಹಲ್ಲುಜ್ಜುವ ಕಡ್ಡಿಗೂ ಇದೇ, ಕಣಜ ಕಚ್ಚಿದರೆ ಅರೆದು ಹಚ್ಚುವುದೂ ಇದನ್ನೇ. ಮಗಳು ಹುಟ್ಟಿದಂದಿನಿಂದ ವರ್ಷ ವರ್ಷ ನಾನೇ ಕಿತ್ತಿದ್ದೇನೆ. ಆದರೆ ಅತ್ತೆ ಬಾಲ್ಕನಿಯಲ್ಲಿ ನಿಂತು, "ಆ ಬಾಜೂಕಿಂದು, ಅದಲ್ಲ, ಅದಲ್ಲ," ಎಂದು ಮೇಲಿನಿಂದ ಕೂಗಿ ತೋರಿಸುತ್ತಿದ್ದರು. ಹಾಗಾಗಿ ನಿಜವಾಗಿ ಕಲಿತೆನೋ ಇಲ್ಲವೋ, ದೇವರಿಗೇ ಗೊತ್ತು.

ಕಲಿತವಳು ನನ್ನ ಮಗಳು. ಗಣಪತಿಯ ಪತ್ರೆಗೆಂದು ಅಜ್ಜಿಯ ಬಾಲವಾಗಿ ಬೇಲಿಗೆ ಹೋಗಿ, ಬೀಜದ ಕಡ್ಡಿ ಮುರಿದು ತಂದು ಅಜ್ಜಿಯ ಬೆನ್ನಿಗೆ ಅಂಟಿಸಿ, ಅವರಿಗೆ ಗೊತ್ತೇ ಆಗದೆ ಇಡೀ ಸೊಸೈಟಿ ಸುತ್ತುವುದನ್ನು ನೋಡಿ ನಗುವುದು ಅವಳ ಆಟವಾಗಿತ್ತು. ಅಜ್ಜಿಗೆ ಗೊತ್ತಿರುತ್ತಿತ್ತು ಅನ್ನಿ. ನಾವು ಕನ್ನಡದಲ್ಲಿ ಏನು ಕೇಳಿದರೂ ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುವ ಈ ಹುಡುಗಿ ಬೆಳೆದು, ಕೆಲಸಕ್ಕೆ ಸೇರಿ, ಮದುವೆಯಾಗಿ ಘಣಸೋಲಿಗೆ ಹೋದಳು.

ಅವಳಿಗೆ ಹೋದ ವರ್ಷದ ಶ್ರಾವಣದಲ್ಲಿ ಹೆರಿಗೆಯಾಯಿತು. ದಿನ ತುಂಬುವ ಎಷ್ಟೋ ಮೊದಲೇ ಹೆಣ್ಣುಮಗು ಬಂದುಬಿಟ್ಟಿತು. ಅಂಗೈ ಚಾಚಿದರೆ ಅದರಲ್ಲೇ ಮಲಗುವಷ್ಟು ಪುಟ್ಟದು. ಅಲ್ಲೇ ಹತ್ತಿರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮೊದಲ ವಾರ ನಾವ್ಯಾರೂ ಸರಿಯಾಗಿ ಉಸಿರಾಡಲಿಲ್ಲ. ಆಮೇಲೆ ಡಾಕ್ಟರು, ಮಗು ಗಟ್ಟಿ ಇದೆ, ತಾನೇ ಉಸಿರಾಡುತ್ತಿದೆ, ಇನ್ನು ತಾಯಿ ಅದನ್ನು ಎದೆಯ ಮೇಲೆ, ಮೈಗೆ ಮೈ ತಾಗುವಂತೆ ಮಲಗಿಸಿಕೊಳ್ಳಬೇಕು, ಬೇಗ ಚೇತರಿಸಿಕೊಳ್ಳುತ್ತದೆ ಎಂದರು. ನನ್ನ ಮಗಳು ಒಪ್ಪಲಿಲ್ಲ.

ಒಪ್ಪಲಿಲ್ಲ ಎಂದರೆ, ಹತ್ತಿರವೇ ಹೋಗಲಿಲ್ಲ. ಎದೆಹಾಲು ಹಿಂಡಿ ಕೊಡುತ್ತಿದ್ದಳು, ಹೊತ್ತು ಹೊತ್ತಿಗೆ ಕೊಡುತ್ತಿದ್ದಳು. ಪೆಟ್ಟಿಗೆಯ ಗಾಜಿನ ಹೊರಗೆ ಕೂತು ನೋಡುತ್ತಿದ್ದಳು. ಒಳಗೆ ಕೈಹಾಕಿ ಒಂದು ಬೆರಳೂ ಮುಟ್ಟಿಸುತ್ತಿರಲಿಲ್ಲ. ಸಿಸ್ಟರ್ ಪ್ರತಿದಿನ ಕೇಳುತ್ತಿದ್ದರು, ಇವಳು ಪ್ರತಿದಿನ ತಲೆಯಾಡಿಸಿ ಬೇಡ ಎನ್ನುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು, "ಹೆತ್ತವಳಾ ನೀನು, ಕಲ್ಲಾ?" ಎಂದು ಕೇಳಿಬಿಟ್ಟೆ.

ಅವಳು ಅಳಲಿಲ್ಲ. "ಅಮ್ಮಾ, ಮೈ ಹಾಥ್ ಲಗಾಊಂಗೀ, ಔರ್ ಫಿರ್ ಯೇ ಭೀ ಚಲೀ ಗಯೀ ತೋ?" ಎಂದಳು.

ನಾನು ಮುಟ್ಟಿ, ಆಮೇಲೆ ಇವಳೂ ಹೋಗಿಬಿಟ್ಟರೆ? ಆ 'ಇವಳೂ' ಎಂಬುದು ನನಗೆ ಅರ್ಥವಾಯಿತು. ಅದಕ್ಕೂ ಎರಡು ವರ್ಷದ ಹಿಂದೆ ಒಂದು ಬಸಿರು ಐದು ತಿಂಗಳಿಗೇ ಕಳೆದುಹೋಗಿತ್ತು. ಆಗ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಡೀ ದಿನ ಅದರ ಜತೆ ಮಾತಾಡುತ್ತಿದ್ದಳು, ಟೋಪಿ ಹೆಣೆದಿದ್ದಳು. ಏನೂ ಆಗುವುದಿಲ್ಲ ಎಂದು ಹೇಳಲು ನಾನು ಯಾರು?

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಮೆಟ್ಟಿಲು ಇಳಿಯಲಾಗುವುದಿಲ್ಲ. ಮರಿಮಗಳನ್ನು ಫೋನಿನ ಫೋಟೋದಲ್ಲಿ ಮಾತ್ರ ನೋಡಿದ್ದರು. ಎಲ್ಲ ಕೇಳಿಸಿಕೊಂಡು, "ನಾಳೆ ಶುಕ್ರವಾರ ಅಲ್ಲ?" ಎಂದರು.

"ಹೌದತ್ತೆ. ನಾಳೆ ಸ್ಟೇಷನ್ನಿನಲ್ಲಿ ಒಂದು ಕಟ್ಟು ತಂದುಕೊಡುತ್ತೇನೆ. ಈ ಸಲ ಅದರಲ್ಲೇ ಸುಧಾರಿಸಿ."

"ಬ್ಯಾಡ. ಕೂಸು ಎಲ್ಲಿ ಅದನೋ ಅಲ್ಲೀದು ಬೇಕು. ತಾಯಿ ಅಕೀ. ಅಕೀ ಕೈಲೇ ಕೀಳಿಸು. ದೀಪ ಹಚ್ಚೂ ಹೊತ್ತಿಗೆ ತಂದರ ನಡೀತದ. ಅಲ್ಲೀತನಕ ನಾ ಏನೂ ಬಾಯಾಗ ಹಾಕ್ಕೊಳ್ಳೂದಿಲ್ಲ."

ನೋಡಿ, ಹೀಗೆ! ಹಸಿ ಬಾಣಂತಿಯನ್ನು ಮಳೆಯಲ್ಲಿ ಬೇಲಿಗೆ ಕರೆದುಕೊಂಡು ಹೋಗಬೇಕಂತೆ, ಎಂಬತ್ತರ ಮುದುಕಿ ಉಪವಾಸ ಕೂರುತ್ತದಂತೆ. ಮರುದಿನ ಬೈದುಕೊಂಡೇ ಹೊರಟೆ. ಥಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿ ಮುಟ್ಟುವ ತನಕ ಮನಸ್ಸಿನಲ್ಲೇ ಅತ್ತೆಯ ಜತೆ ಜಗಳವಾಡಿದೆ. ಮುಂಬ್ರಾದ ಗುಡ್ಡ ಪೂರಾ ಹಸಿರಾಗಿತ್ತು. ಅದನ್ನು ನೋಡಿಯೂ ನನಗೆ ಸಿಟ್ಟೇ ಬಂತು.

ಮಗಳಿಗೆ ವಿಷಯ ಹೇಳಿದಾಗ ಅವಳು ಬೇಡ ಎಂದಳು. "ಅಜ್ಜಿ ಊಟ ಮಾಡುವುದಿಲ್ಲವಂತೆ," ಎಂದೆ. ಅಜ್ಜಿಯ ಹೆಸರಿಗೆ ಎದ್ದಳು. ಎಷ್ಟು ದಿನದಿಂದ ಆ ಕಾರಿಡಾರಿನ ಟ್ಯೂಬ್‌ಲೈಟಿನ ಕೆಳಗೇ ಕೂತಿದ್ದಳೋ, ಬಾಗಿಲ ಹೊರಗೆ ಬಂದವಳು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಳು. ಮಳೆ ನಿಂತಿತ್ತು. ಆಸ್ಪತ್ರೆಯ ಹಿಂದೆ ಹಳೆಯ ಊರಿನ ಕಡೆ ಹೋಗುವ ಗಲ್ಲಿ, ಅಲ್ಲಿ ಒಂದು ಖಾಲಿ ಜಾಗಕ್ಕೆ ಪತ್ರಾ ತಗಡಿನ ಬೇಲಿ, ಬೇಲಿಯ ಉದ್ದಕ್ಕೂ ಹಸಿರು. ಅವಳನ್ನು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದೆ. ನಾನು ಹುಡುಕಿ ಕೊಡುತ್ತೇನೆ, ನೀನು ಕೈಹಾಕಿ ಕಿತ್ತರೆ ಸಾಕು ಎಂದೆ. ಜೋಡಿ ನೋಡು, ಗೆಣ್ಣು ನೋಡು. ನೋಡಿದೆ. ಸಿಕ್ಕಿಬಿಟ್ಟಿತು! ಎಳೆಯ, ದಪ್ಪ ದಪ್ಪ ಸೊಪ್ಪು, ಬೇಲಿಯ ಬುಡದಲ್ಲಿ ಸೊಗಸಾಗಿ ಬೆಳೆದಿತ್ತು. ಖುಷಿಯಲ್ಲಿ ಅವಳು ಕೀಳಬೇಕೆಂಬುದನ್ನೂ ಮರೆತು ನಾನೇ ಒಂದು ಹಿಡಿ ಕಿತ್ತು, ಅತ್ತೆಗೆ ವಿಡಿಯೋ ಕಾಲ್ ಮಾಡಿದೆ.

ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದರು. ನಮಗೆ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು.

"ಇನ್ನಷ್ಟು ಸನೇಕ ತಾ… ಅಯ್ಯ ನಮ್ಮವ್ವಾ! ಮತ್ತ ಹರವಿ ಕಿತ್ತೀಯೇನ? ನಿನಗ ಇನ್ನೂ ಪಲ್ಯಾನೇ ಕಾಣತದಲ್ಲ!"

ದೇವರೇ! ನೋಡಿದರೆ ಹೌದು, ಎಲೆ ಒಂದು ಈ ಕಡೆ, ಇನ್ನೊಂದು ಆ ಕಡೆ. ಅಪ್ಪಟ ಕಾಡು ಹರಿವೆ. ಕೈಯಲ್ಲಿ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದೆ, ಬೆನ್ನ ಹಿಂದೆ ಸದ್ದು ಕೇಳಿಸಿತು. ಮಗಳು ನಗುತ್ತಿದ್ದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೋವಿಗೆ ಮುಖ ಹಿಂಡುತ್ತ, ಆದರೂ ತಡೆಯಲಾರದೆ ನಗುತ್ತಿದ್ದಳು. ಹೆರಿಗೆಯಾದ ಮೇಲೆ ಆ ನಗು ನಾನು ಕೇಳಿದ್ದೇ ಅವತ್ತು. ಹರಿವೆಗೆ ಕೈಮುಗಿಯಬೇಕು ಅನ್ನಿಸಿತು.

"ಸರಕ್ ನಾ ಅಮ್ಮಾ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಬೇಲಿಯ ಹತ್ತಿರ ಬಂದಳು. ಯಾವುದನ್ನೂ ಎರಡು ಸಲ ನೋಡಲಿಲ್ಲ. ನಾನು ದಾಟಿ ಬಂದಿದ್ದ ಕಡೆಯೇ, ತಗಡು ಬಾಗಿದ ಮೂಲೆಯಲ್ಲಿ, ಹಳೆಯ ಗಿಡವೊಂದು ಸೊಂಟದೆತ್ತರ ನಿಂತಿತ್ತು, ಬುಡದಲ್ಲಿ ಎಳೆಯ ಗಿಡಗಳು. ಅವಳು ತೋಳು ಪೂರಾ ಒಳಗೆ ಹಾಕಿದಳು. ಎಲೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಒಂದೊಂದಾಗಿ ಚಿವುಟಿದಳು. ಫೋನಿನಲ್ಲಿ ಅತ್ತೆ, "ಹಾಂ, ಅದ! ಅದನ ಕೀಳು ನನ್ನ ಬಂಗಾರಾ. ಹೆಂಗ ನೆನಪಿಟ್ಟೀ ನೋಡು," ಎನ್ನುತ್ತಿದ್ದರು. ಒಂದು ಮಾಲೆಗೆ ಬೇಕಾದಷ್ಟು ಕಿತ್ತು ನನ್ನ ಕೈಗೆ ಕೊಟ್ಟಳು. ತಿರುಗಿ ನಿಂತಾಗ ನೋಡುತ್ತೇನೆ, ಅವಳ ಕುರ್ತಾದ ತೋಳು, ಎದೆ, ಹೊಟ್ಟೆ ಎಲ್ಲ ಕಡೆ ಉತ್ತರಾಣಿಯ ಬೀಜ. ಬಿಡಿಸಲು ಕೂತರೆ ಸಂಜೆಯಾಗುತ್ತಿತ್ತು. ಹಾಲು ಕೊಡುವ ಹೊತ್ತಾಗಿತ್ತು, ಹಾಗೇ ಬಂದೆವು.

ಮಗುವಿನ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ತಡೆದರು. ಅವರು ಮರಾಠಿಯವರು, ನಡುವಯಸ್ಸಿನವರು, ಜೋರಿನವರು. ಇವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೇ ಕಾಯ ಗಂ? ಆಘಾಡಾ?" ಇದೇನೇ, ಉತ್ತರಾಣಿಯಾ ಎಂದು ನಕ್ಕರು. ಶುಕ್ರವಾರ ಎಂಬುದು ಅವರಿಗೂ ನೆನಪಿತ್ತು. ನಕ್ಕರೇ ಹೊರತು ಬಿಡಲಿಲ್ಲ. ದಿನವೂ ಬಟ್ಟೆಯ ಮೇಲೆಯೇ ಗೌನು ಹಾಕಿಕೊಂಡು ಒಳಗೆ ಹೋಗುವುದು, ಆದರೆ ಈ ಕಸ ಅಂಟಿದ ಕುರ್ತಾ ಒಳಗೆ ಬರುವುದೇ ಬೇಡ, ತೆಗೆದು ಬಾ, ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೋ ಎಂದರು. ಇವಳು ತೊಳೆದುಕೊಂಡು ಬಂದಾಗ ಸಿಸ್ಟರ್ ಕೊಟ್ಟದ್ದು ಮುಂದುಗಡೆ ತೆರೆಯುವ ಗೌನು. ಒಳಗೆ ಬೇರೆ ಬಟ್ಟೆ ಇಲ್ಲ. ಅದನ್ನು ಹಾಕಿಕೊಂಡು ಚಳಿಗೆ ಮುದುಡಿ ಕುರ್ಚಿಯ ಮೇಲೆ ಕೂತಳು.

ನಾನು ವಾರ್ಡಿನ ಗಾಜಿನ ಹೊರಗೆ ನಿಂತು ನೋಡುತ್ತಿದ್ದೆ. ಆ ಸಿಸ್ಟರ್ ಅವತ್ತು ಕೇಳಲಿಲ್ಲ. ಕೇಳಿದ್ದರೆ ಇವಳು ಬೇಡ ಎನ್ನುತ್ತಿದ್ದಳು. ಪೆಟ್ಟಿಗೆ ತೆರೆದು, ವಯರು ನಳಿಗೆ ಎಲ್ಲ ಸರಿಮಾಡಿಕೊಂಡು, ಮಗುವನ್ನು ಎತ್ತಿ ತಂದು, ಗೌನು ಸರಿಸಿ, ಇವಳ ಎದೆಯ ಮೇಲೆ ಕವುಚಿ ಮಲಗಿಸಿಯೇ ಬಿಟ್ಟರು. ಮೇಲೆ ಒಂದು ಬಟ್ಟೆ ಹೊದೆಸಿದರು. ನನ್ನ ಮಗಳ ಎರಡೂ ಕೈ ಗಾಳಿಯಲ್ಲೇ ನಿಂತಿದ್ದವು. ಮುಟ್ಟಲೂ ಆಗದೆ, ಬಿಡಲೂ ಆಗದೆ ಹಾಗೇ ಇದ್ದವು. ಮುಟ್ಟೇ, ನನ್ನ ಕಂದಾ, ಮುಟ್ಟೇ, ಎಂದು ನಾನು ಇಲ್ಲಿ ಗಾಜಿಗೆ ಹಣೆಯಿಟ್ಟು ಹೇಳುತ್ತಿದ್ದೆ. ಅವಳಿಗೆ ಹೇಗೆ ಕೇಳಿಸಬೇಕು? ಮಗು ಒಂದು ಸಲ ಮುಲುಗಿತು, ತಲೆ ಜಾರಿತು. ಆಗ ಅವಳ ಕೈ ತಾನಾಗಿ ಕೆಳಗಿಳಿಯಿತು. ಒಂದು ತಲೆಯ ಹಿಂದೆ, ಒಂದು ಕುಂಡೆಯ ಕೆಳಗೆ. ಕಲಿಸಿಕೊಟ್ಟವರು ಯಾರೂ ಇರಲಿಲ್ಲ.

ಅತ್ತೆಗೆ ಫೋನು ಮಾಡಿದೆ.

"ಹಿಡಕೊಂಡ್ಳೇನು?" ಅತ್ತೆ ಬೇರೆ ಏನೂ ಕೇಳಲಿಲ್ಲ.

"ಹಿಡಿದುಕೊಂಡಳು ಅತ್ತೆ. ಎದೆಗೆ ಹಾಕಿಕೊಂಡಿದ್ದಾಳೆ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅತ್ತೆಯೂ ಆ ಕಡೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಆಮೇಲೆ ಅಂದರು:

"ಕೂಸಿಗೆ ಅದರ ಅವ್ವ ಸಿಕ್ಕಳು. ಸಂಜೀಕ ಮಾಲಿ ಹಾಕಿ ಆ ಕೂಸಿಗೆ ನಾ ಅಕ್ಷತಿ ಹಾಕತೀನಿ. ನೀ ಯಾರಿಗೆ ಹಾಕತೀ? ಇಷ್ಟ ದಿನಾ ಎಲ್ಲಾರೂ ಕೂಸು, ಕೂಸು ಅಂದ್ರಿ. ಅಕೀ ನಿನ್ನ ಕೂಸಲ್ಲೇನು? ಅಕೀಗೆ ಯಾರು ಆರತಿ ಎತ್ತಬೇಕು?"

ಕಲ್ಲಾ ಎಂದು ಕೇಳಿದವಳು ನಾನೇ. ಗಾಜಿನ ಆಚೆ ಹಸಿರು ಗೌನಿನಲ್ಲಿ, ಎಣ್ಣೆ ಕಾಣದ ತಲೆಗೂದಲು ಮುಖಕ್ಕೆ ಬಿದ್ದಿದ್ದ, ಕಣ್ಣ ಕೆಳಗೆ ಕಪ್ಪಾಗಿದ್ದ ನನ್ನ ಮಗಳು ಕೂತಿದ್ದಳು. ಎಷ್ಟು ಸೋತುಹೋಗಿದ್ದಳು ಎಂದು ಆಗಲೇ ನಾನು ಕಣ್ತುಂಬ ನೋಡಿದ್ದು. ಅಕ್ಷತೆ ಇರಲಿಲ್ಲ, ದೀಪ ಇರಲಿಲ್ಲ. ಫೋನು ಚೀಲಕ್ಕೆ ಹಾಕಿ, ಗಾಜಿನ ಈ ಕಡೆಯಿಂದಲೇ ಎರಡೂ ಕೈ ಚಾಚಿ ಅವಳ ಮುಖದ ಸುತ್ತ ನಿವಾಳಿಸಿ, ನನ್ನ ಕೆನ್ನೆಗೆ ಒತ್ತಿ ಲಟಲಟ ನೆಟಿಕೆ ಮುರಿದೆ. ಬಳೆ ಗಾಜಿಗೆ ತಾಗಿ ಸದ್ದಾಯಿತು.

ಮಗಳು ತಟ್ಟನೆ ತಲೆಯೆತ್ತಿದಳು. ಹುಬ್ಬು ಗಂಟಿಕ್ಕಿ, ತುಟಿಯ ಮೇಲೆ ಬೆರಳಿಟ್ಟು, ಸಿಟ್ಟಿನಿಂದ ನನ್ನನ್ನು ಗದರಿದಳು: ಸುಮ್ಮನಿರು, ಮಲಗಿದ್ದಾಳೆ.